ಬಾರೂಕನಿಗೆ ಬಂದ ಮಾತು

ಪ್ರಶ್ನೆ: ನಾನು ಸಹಕಾರಿ ಬ್ಯಾಂಕೊಂದರಲ್ಲಿ 11 ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಈಗ ಶಾಖಾ ವ್ಯವಸ್ಥಾಪಕನ ಹುದ್ದೆಗೆ ಬಡ್ತಿ ಬಂದಿದೆ. ಕಳೆದ ತಿಂಗಳು ನಮ್ಮ ಸಭೆಯಲ್ಲಿ ಪ್ರಸಂಗ ಮಾಡಿದವರೊಬ್ಬರು ಯೆರೆಮೀಯನ 45ನೆಯ ಅಧ್ಯಾಯವನ್ನು ಓದಿ, ಮಹಾಪದವಿಯನ್ನು ಬಯಸುವವನು ಕ್ರಿಸ್ತನ ಶಿಷ್ಯನೇ ಅಲ್ಲ ಎಂದರು. ಅಂದಿನಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕೈ ಬರುತ್ತಿಲ್ಲ. ಇನ್ನೊಂದು ಸಂಗತಿಯನ್ನೂ ಬರೆಯಬೇಕು. 6 ವರ್ಷ ಸಭೆಯ ಲೆಕ್ಕ ಬರೆದ ನನ್ನನ್ನು ಬಿಟ್ಟು ಈ ಸಲ ಬೇರೊಬ್ಬರನ್ನು ಸಮಿತಿಯ ಕಾರ್ಯದರ್ಶಿಯಾಗಿ ಆರಿಸಿದರು. ಆಮೇಲೆ ಆರಾಧನೆಗೆ ಹೋಗಿ ಬರುತ್ತೇನೆಯೇ ಹೊರತು ಯಾರೊಂದಿಗೂ ಮಾತಿಲ್ಲ; ಲೆಕ್ಕದ ಪುಸ್ತಕಗಳು ಇನ್ನೂ ನಮ್ಮ ಮನೆಯಲ್ಲೇ ಇವೆ. ಬಡ್ತಿಯನ್ನು ಬಿಟ್ಟುಕೊಟ್ಟರೆ ನನ್ನಲ್ಲಿ ದೀನತೆ ಹುಟ್ಟುವುದೇ?
ಒಬ್ಬ ಸಹೋದರ, ಹುಬ್ಬಳ್ಳಿ

ಉತ್ತರ: ಕ್ರಿಸ್ತನಲ್ಲಿ ಪ್ರಿಯ ಸಹೋದರರೇ, ಸಹಿ ಹಾಕಲು ಕೈ ಬರುತ್ತಿಲ್ಲವೆಂದು ಬರೆದಿದ್ದೀರಿ. ದೇವರ ವಾಕ್ಯ ಕಿವಿಗೆ ಬಿದ್ದ ಮೇಲೆ ಹೀಗೆ ತಡೆದು ನಿಲ್ಲುವ ಮನಸ್ಸು ಈಗ ಅಪರೂಪ; ಅದನ್ನು ಕಳೆದುಕೊಳ್ಳಬೇಡಿರಿ. ಆದರೆ ಆ ಅಧ್ಯಾಯವನ್ನು ನಾವಿಬ್ಬರೂ ಕೂಡಿ ಇನ್ನೊಮ್ಮೆ ಓದೋಣ. ಅದರಲ್ಲಿರುವುದು ಕೇವಲ ಐದು ವಚನ, ಮತ್ತು ಅವನ್ನು ಕೇಳಿಸಿಕೊಂಡವನು ಯಾರೆಂದು ತಿಳಿಯದೆ ಅರ್ಥ ಕೈಗೆ ಸಿಗುವುದಿಲ್ಲ.

ಆ ಮಾತು ಬಂದದ್ದು ಅರಸನಾದ ಯೆಹೋಯಾಕೀಮನ ನಾಲ್ಕನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 605ರ ಸುಮಾರಿಗೆ, ನೇರೀಯನ ಮಗನಾದ ಬಾರೂಕನಿಗೆ. ಪ್ರವಾದಿಯಾದ ಯೆರೆಮೀಯನು ಹೇಳುತ್ತಾ ಹೋದದ್ದನ್ನು ಸುರುಳಿಯಲ್ಲಿ ಬರೆದುಕೊಂಡವನು ಈತನೇ. ಅಕ್ಷರ ಬಲ್ಲವರು ಕೆಲವರೇ ಇದ್ದ ಆ ಕಾಲದಲ್ಲಿ ಲೇಖಕನೆಂದರೆ ಅರಮನೆಯ ಬಾಗಿಲು ತೆರೆದಿರುವವನು. ಯೋಷೀಯನ ಆಳ್ವಿಕೆಯಲ್ಲಿ ಲೇಖಕನಾದ ಶಾಫಾನನು ರಾಜ್ಯದ ಪ್ರಮುಖರಲ್ಲಿ ಒಬ್ಬನಾಗಿದ್ದನೆಂಬುದನ್ನು ನೆನೆಯಿರಿ. ಅಂಥ ವಿದ್ಯೆಯಿದ್ದವನು ಎಲ್ಲರೂ ಹಗೆ ಮಾಡುತ್ತಿದ್ದ ಪ್ರವಾದಿಯೊಬ್ಬನ ಪಕ್ಕದಲ್ಲಿ ಕುಳಿತು, ನಾಶದ ಮಾತುಗಳನ್ನೇ ದಿನವೂ ಬರೆಯಬೇಕಾಯಿತು. ನೋವಿನ ಮೇಲೆ ದುಃಖವನ್ನೂ ಕೂಡಿಸಿದೆಯಲ್ಲಾ, ನರಳಿ ನರಳಿ ದಣಿದೆನು, ವಿಶ್ರಾಂತಿಯೇ ಇಲ್ಲ ಎಂದು ಅವನು ಅತ್ತಿದ್ದಾನೆ. ಆಗಲೇ ಆ ಪ್ರಶ್ನೆ ಬಂದದ್ದು. ಪ್ರಸಂಗ ಮಾಡಿದವರು ‘ಮಹಾಪದವಿ’ ಎಂದ ಕಡೆ ಹೀಬ್ರೂ ಮೂಲದಲ್ಲಿರುವ ಪದಕ್ಕೆ ‘ದೊಡ್ಡ ಸಂಗತಿಗಳು’ ಎಂದಷ್ಟೇ ಅರ್ಥ. ಅದರ ಜೊತೆಯಲ್ಲಿ ‘ನಿನಗಾಗಿ’ ಎಂಬ ಪುಟ್ಟ ಮಾತೂ ಇದೆ. ನಿನಗಾಗಿ ದೊಡ್ಡವನ್ನು ಹುಡುಕುತ್ತಿದ್ದೀಯೋ? ಹುಡುಕಬೇಡ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಭಾರ ಆ ‘ನಿನಗಾಗಿ’ಯ ಮೇಲೆಯೇ ನಿಂತಿದೆ.

ಗಮನಿಸಿರಿ, ದೇವರು ಅವನ ಕೈಯಿಂದ ಲೇಖನಿಯನ್ನು ಕಿತ್ತುಕೊಳ್ಳಲಿಲ್ಲ. ಮರುವರ್ಷ ಒಂಬತ್ತನೆಯ ತಿಂಗಳಲ್ಲಿ ಬಾರೂಕನು ಆ ಸುರುಳಿಯನ್ನು ದೇವಾಲಯದಲ್ಲಿ ಜನರೆಲ್ಲರಿಗೆ ಓದಿ ಹೇಳಿದನು, ಅಧಿಕಾರಿಗಳಿಗೂ ಓದಿ ಹೇಳಿದನು. ಅದು ಅರಸನ ಚಳಿಗಾಲದ ಮನೆಯನ್ನು ತಲುಪಿದಾಗ, ಯೆಹೂದಿ ಎಂಬವನು ಮೂರು ನಾಲ್ಕು ಅಂಕಣಗಳನ್ನು ಓದಿ ಮುಗಿಸಿದಂತೆಲ್ಲ ಅರಸನು ಆ ಭಾಗವನ್ನು ಕತ್ತರಿಸಿ ಅಗ್ಗಿಷ್ಟಿಕೆಯ ಬೆಂಕಿಗೆ ಹಾಕುತ್ತಾ ಹೋದನು. ಕತ್ತರಿಸಿದ್ದು ಲೇಖಕರು ಬಳಸುವ ಚಾಕುವಿನಿಂದ ಎಂದು ಗ್ರಂಥ ಹೇಳುತ್ತದೆ. ಬಾರೂಕನ ಕಸುಬಿನ ಉಪಕರಣವೇ ಅವನ ದುಡಿಮೆಯನ್ನು ಚೂರುಚೂರು ಮಾಡಿತು. ಅವನನ್ನು ಹಿಡಿಯಬೇಕೆಂಬ ಅಪ್ಪಣೆಯೂ ಹೊರಟಿತು. ಆಮೇಲೆ ಅವನು ಮಾಡಿದ್ದೇನು? ಇನ್ನೊಂದು ಸುರುಳಿಯನ್ನು ತೆಗೆದುಕೊಂಡು ಮೊದಲಿನಿಂದ ಬರೆದನು, ಅದಕ್ಕೆ ಇನ್ನೂ ಅನೇಕ ಮಾತುಗಳು ಸೇರಿದವು. ತನ್ನ ಹೆಸರಿಗಾಗಿ ಬರೆಯುತ್ತಿದ್ದವನಾಗಿದ್ದರೆ ಎರಡನೆಯ ಸಲ ಕೂಡುತ್ತಿದ್ದನೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನಿಮ್ಮ ಬಡ್ತಿಗೆ ಇನ್ನೂ ಹತ್ತಿರವಾದ ಸಂಗತಿಯೊಂದು ಅದೇ ಗ್ರಂಥದ 51ನೆಯ ಅಧ್ಯಾಯದ ಕೊನೆಯಲ್ಲಿದೆ. ಅಲ್ಲಿ ಸೆರಾಯನೆಂಬ ಅಧಿಕಾರಿಯ ಹೆಸರು ಬರುತ್ತದೆ. ಅವನೂ ನೇರೀಯನ ಮಗ, ಮಹ್ಸೇಯನ ಮೊಮ್ಮಗ. 32ನೆಯ ಅಧ್ಯಾಯದಲ್ಲಿ ಬಾರೂಕನ ತಂದೆ ಮತ್ತು ತಾತನ ಹೆಸರುಗಳೂ ಇವೇ ಆಗಿರುವುದರಿಂದ ಇಬ್ಬರೂ ಅಣ್ಣತಮ್ಮಂದಿರೆಂದು ಪಂಡಿತರು ತಿಳಿಯುತ್ತಾರೆ. ಸೆರಾಯನು ಅರಸನಾದ ಚಿದ್ಕೀಯನ ಸೇವೆಯಲ್ಲಿ, ಪ್ರಯಾಣದ ಬಿಡಾರಗಳನ್ನು ನೋಡಿಕೊಳ್ಳುವ ಹುದ್ದೆಯಲ್ಲಿದ್ದನು. ಅವನು ರಾಜಕಾರ್ಯದ ಮೇಲೆ ಬಾಬೆಲಿಗೆ ಹೊರಟಾಗ ಯೆರೆಮೀಯನು ಅವನ ಕೈಗೆ ಒಂದು ಸುರುಳಿಯನ್ನು ಕೊಟ್ಟು, ಅಲ್ಲಿ ಅದನ್ನು ಓದಿ, ಕಲ್ಲು ಕಟ್ಟಿ ಯೂಫ್ರೆಟಿಸ್ ನದಿಯಲ್ಲಿ ಮುಳುಗಿಸಬೇಕೆಂದು ಹೇಳಿದನು. ಹುದ್ದೆಯನ್ನು ಬಿಟ್ಟು ಬಾ ಎನ್ನಲಿಲ್ಲ. ಒಂದೇ ಮನೆಯ ಒಬ್ಬ ಮಗನು ಅರಮನೆಯ ಹೊರಗಿದ್ದು ಬರೆದನು, ಇನ್ನೊಬ್ಬನು ಹುದ್ದೆಯಲ್ಲಿದ್ದುಕೊಂಡೇ ಆ ಕೆಲಸವನ್ನು ಹೊತ್ತನು.

ಆದುದರಿಂದ ಬಡ್ತಿಯನ್ನು ನಿರಾಕರಿಸಿದರೆ ದೀನತೆ ಹುಟ್ಟುತ್ತದೆಂದು ನಾನು ಹೇಳಲಾರೆ. ನಿರಾಕರಿಸಿದೆನೆಂಬ ಹೆಮ್ಮೆ ಅದರ ಜಾಗದಲ್ಲಿ ಬಂದು ಕೂರಬಹುದು. ಸಾಲ ಕೇಳಿ ಬರುವ ರೈತನನ್ನು ಕಾಯಿಸದೆ ಮಾತನಾಡಿಸಲು, ಕೈಕೆಳಗಿನವರ ತಪ್ಪನ್ನು ನಾಲ್ಕು ಜನರ ಮುಂದೆ ಆಡದಿರಲು, ತಪ್ಪು ಕಡತಕ್ಕೆ ಸಹಿ ಹಾಕೆಂದು ಮೇಲಿನಿಂದ ಒತ್ತಡ ಬಂದಾಗ ಆ ಕುರ್ಚಿಯನ್ನೇ ಬಿಟ್ಟು ಏಳಲು ನೀವು ಸಿದ್ಧರಿದ್ದರೆ, ಪ್ರಾರ್ಥಿಸಿ ಸಹಿ ಹಾಕಿರಿ. ಕುರ್ಚಿ ಹೋದರೆ ನಾನೇ ಹೋದಂತೆ ಎಂದು ಈಗಲೇ ಅನಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ಜೆಬೆದಾಯನ ಮಕ್ಕಳು ಬಲಗಡೆಯ ಮತ್ತು ಎಡಗಡೆಯ ಆಸನಗಳನ್ನು ಕೇಳಿದಾಗ ಯೇಸು ಮೊದಲು ಕೇಳಿದ್ದು, ನಾನು ಕುಡಿಯುವ ಪಾತ್ರೆಯಲ್ಲಿ ನೀವು ಕುಡಿಯುವಿರೋ ಎಂದು. ಅದೇ ಮಾರ್ಕನ ಸುವಾರ್ತೆಯಲ್ಲಿ ಕೊನೆಗೆ ಆತನ ಎಡಬಲಗಳಲ್ಲಿ ಕಾಣುವವರು ಶಿಲುಬೆಗೆ ಹಾಕಲ್ಪಟ್ಟ ಇಬ್ಬರು ಕಳ್ಳರು.

ಇನ್ನು ನಿಮ್ಮ ಪತ್ರದ ಎರಡನೆಯ ಸಂಗತಿ. ನನಗೆ ಬಡ್ತಿಗಿಂತ ಇದೇ ಹೆಚ್ಚು ಕಳವಳವನ್ನು ತಂದಿತು. ಬ್ಯಾಂಕಿನ ಹುದ್ದೆಯನ್ನು ಬಿಡಲು ಸಿದ್ಧರಿರುವ ನೀವು ಸಭೆಯಲ್ಲಿ ಸಿಗದ ಹುದ್ದೆಯನ್ನು ಇನ್ನೂ ಬಿಟ್ಟಿಲ್ಲ. ನಿಮಗಾದ ನೋವು ಸುಳ್ಳೆಂದು ಹೇಳುತ್ತಿಲ್ಲ. 6 ವರ್ಷ ದುಡಿದವನಿಗೆ ಒಂದು ಒಳ್ಳೆಯ ಮಾತನ್ನೂ ಆಡದೆ ಬೇರೊಬ್ಬರನ್ನು ಆರಿಸಿದ್ದರೆ ಸಭೆಯವರೂ ತಪ್ಪಿದ್ದಾರೆ. ಆದರೂ ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯವನ್ನು ಒಮ್ಮೆ ತೆರೆಯಿರಿ. ಇಸ್ಕರಿಯೋತ ಯೂದನ ಸ್ಥಾನಕ್ಕೆ ಇಬ್ಬರನ್ನು ನಿಲ್ಲಿಸಿದರು: ಯೂಸ್ತನೆಂದು ಹೆಸರಿದ್ದ ಯೋಸೇಫ ಬಾರ್ಸಬ ಮತ್ತು ಮತ್ತೀಯ. ಸ್ನಾನಿಕನಾದ ಯೋಹಾನನ ದಿನಗಳಿಂದ ಕರ್ತನು ಪರಲೋಕಕ್ಕೆ ಏರಿದ ದಿನದವರೆಗೂ ಇಬ್ಬರೂ ಜೊತೆಯಲ್ಲಿದ್ದವರೇ, ಯೋಗ್ಯತೆಯಲ್ಲಿ ಯಾರೂ ಕಡಿಮೆಯಲ್ಲ. ಚೀಟಿಯು ಮತ್ತೀಯನಿಗೆ ಬಿತ್ತು. ಯೂಸ್ತನು ಗುಂಪನ್ನು ಬಿಟ್ಟುಹೋದನೆಂಬ ಮಾತು ಅಲ್ಲಿಲ್ಲ. ಮುಂದಿನ ಅಧ್ಯಾಯ ತೆರೆಯುವಾಗ ಎಲ್ಲರೂ ಒಂದೇ ಸ್ಥಳದಲ್ಲಿ ಕೂಡಿದ್ದಾರೆ, ಪವಿತ್ರಾತ್ಮನು ಇಳಿದು ಬರುತ್ತಾನೆ. ಆ ಕೂಟದಲ್ಲಿ ಅವನೂ ಕುಳಿತಿದ್ದನೆಂದೇ ನಾನು ನಂಬುತ್ತೇನೆ.

ಬಡ್ತಿಯ ವಿಷಯವನ್ನು ತೀರ್ಮಾನಿಸಲು ನಿಮಗೆ ಇನ್ನೂ ಕೆಲವು ದಿನ ಬೇಕಾಗಬಹುದು, ತೆಗೆದುಕೊಳ್ಳಿರಿ. ಲೆಕ್ಕದ ಪುಸ್ತಕಗಳ ವಿಷಯಕ್ಕೆ ಅಷ್ಟು ದಿನ ಬೇಡ. ಈ ವಾರವೇ ಅವನ್ನು ಹೊಸ ಕಾರ್ಯದರ್ಶಿಗಳ ಮನೆಗೆ ನೀವಾಗಿಯೇ ಕೊಂಡೊಯ್ಯಿರಿ, ಬಾಕಿಯಿರುವ ರಸೀದಿಗಳು ಯಾವುವೆಂದು ಕುಳಿತು ತೋರಿಸಿಕೊಡಿರಿ, ಮೊದಲ ಕೆಲವು ತಿಂಗಳು ಅವರಿಗೆ ತಿಳಿಯದಿದ್ದದ್ದನ್ನು ಕೇಳಲು ಅವರು ಸಂಕೋಚಪಡದಂತೆ ಮಾತನಾಡಿರಿ. ಅವರು ಚಹಾ ಕೊಟ್ಟರೆ ಕುಡಿದು ಬನ್ನಿರಿ.