ಸೀಮಂತದ ಊಟ ತಿಂದು ಮೂವತ್ತು ಜನಕ್ಕೆ ವಾಂತಿ, ಲ್ಯಾಬ್ ವರದಿಯಲ್ಲಿ ಏನೂ ಇಲ್ಲ. ಹಾಗಾದರೆ ಕಾರಣ ಕಂಡುಹಿಡಿಯೋದು ಹೇಗೆ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಧ್ಯಾಹ್ನ ಊಟ ಮಾಡಿದವರಿಗೆ ಮೂರ್ನಾಲ್ಕು ಗಂಟೆಯೊಳಗೆ ವಾಂತಿ ಹಿಡಿಯಿತು, ಜ್ವರ ಯಾರಿಗೂ ಇರಲಿಲ್ಲ, ಮನೆಯವರೆಲ್ಲ ತಪ್ಪನ್ನು ಪಾಯಸದ ಮೇಲೆ ಹಾಕುತ್ತಿದ್ದಾರೆ, ಆದರೆ ಉಳಿದಿದ್ದ ಪಾಯಸವನ್ನು ಪರೀಕ್ಷೆ ಮಾಡಿಸಿದರೆ ‘ರೋಗಾಣು ಕಂಡುಬಂದಿಲ್ಲ’ ಅಂತ ಬಂತು. ಇಷ್ಟಕ್ಕೆ ಈ ತನಿಖೆ, ಸಂಶೋಧನೆ ಎಲ್ಲ ಯಾಕೆ ಬೇಕು ಅಂತ ಕೇಳಿದ್ದೀರಿ. ಆರೋಗ್ಯ ಇಲಾಖೆಯ ಕೆಳಹಂತದಲ್ಲಿ, ಇಂಥದ್ದೇ ಊರೂರು ಅಲೆದು ನಿವೃತ್ತನಾದವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಒಂದು ಮಾತು ಕೇಳಬೇಕು. ಆ ಪಾಯಸವನ್ನು ಲ್ಯಾಬಿಗೆ ಕೊಡುವ ಮುಂಚೆ, ಹಾಳಾಗಬಾರದು ಅಂತ ಯಾರಾದರೂ ಕುದಿಸಿ ಇಟ್ಟಿದ್ದರಾ? ನಮ್ಮ ಹೆಂಗಸರು ಹಾಲಿನ ಪದಾರ್ಥ ಅಂದರೆ ಮೊದಲು ಮಾಡೋದೇ ಅದು. ಸ್ಟೆಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಿನಲ್ಲಿ, ಕೈಮೇಲಿನ ಗಾಯದಲ್ಲಿ ಇರುತ್ತದೆ. ಬೆಚ್ಚಗಿರುವ ಪಾಯಸದಲ್ಲೋ ಖೋವಾದಲ್ಲೋ ಬಿದ್ದು ನಾಲ್ಕಾರು ಗಂಟೆ ಬೆಳೆದರೆ ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಮಾತ್ರ ಅರ್ಧ ಗಂಟೆ ಕುದಿಸಿದರೂ ಜಗ್ಗೋದಿಲ್ಲ. ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡೋ ಕಲ್ಚರ್ ಪರೀಕ್ಷೆಗೆ ಸಿಗೋದು ಜೀವ ಇರೋ ಬ್ಯಾಕ್ಟೀರಿಯಾ ಮಾತ್ರ. ವಿಷ ಹುಡುಕೋ ಪರೀಕ್ಷೆ ಬೇರೆ, ಅದನ್ನು ಎಲ್ಲ ಕಡೆ ಮಾಡೋದಿಲ್ಲ. ಹಾಗಾಗಿ ನಿಮ್ಮ ವರದಿ ನೋಡಿ ಪಾಯಸವನ್ನು ಬಿಟ್ಟುಬಿಡೋಕೂ ಆಗಲ್ಲ, ಪಾಯಸವೇ ಅಂತ ಗಂಟು ಹಾಕೋಕೂ ಆಗಲ್ಲ.

ನಿಜ ಹೇಳಬೇಕೆಂದರೆ ಇಂಥ ಕೇಸು ಬಗೆಹರಿಯೋದು ಹೆಚ್ಚಾಗಿ ನೋಟ್‌ಬುಕ್ಕಿನಲ್ಲಿ. ನಮಗೆ ತರಬೇತಿಯಲ್ಲಿ ಕಲಿಸಿದ ಹಳೇ ಕೇಸೊಂದಿದೆ. 1940ರ ಏಪ್ರಿಲ್ 18, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಜಿಲ್ಲೆ, ಹಳ್ಳಿಯೊಂದರ ಚರ್ಚಿನಲ್ಲಿ ರಾತ್ರಿ ಊಟ. ಊಟಕ್ಕೆ ಬಂದಿದ್ದ 75 ಜನರನ್ನು ಮಾತಾಡಿಸಿದರು, ಅವರಲ್ಲಿ 46 ಜನಕ್ಕೆ ಹೊಟ್ಟೆ ಕೆಟ್ಟಿತ್ತು. ಹಂದಿ ಮಾಂಸ, ಆಲೂಗಡ್ಡೆ, ಎಲೆಕೋಸು, ಕೇಕು, ಎರಡು ಥರ ಐಸ್‌ಕ್ರೀಮು, ಹೀಗೆ ಹದಿನಾಲ್ಕು ಬಾಬತ್ತು. ನಾವಾಗಿದ್ದರೆ ಕಣ್ಣುಮುಚ್ಚಿ ಮಾಂಸದ ಮೇಲೆ ಹಾಕುತ್ತಿದ್ದೆವು. ಲೆಕ್ಕ ನೋಡಿ: ಮಾಂಸ ತಿಂದ 46 ಜನರಲ್ಲಿ 29 ಮಂದಿಗೆ ಕಾಯಿಲೆ, ತಿನ್ನದ 29 ಜನರಲ್ಲಿ 17 ಮಂದಿಗೆ. ಅಂದರೆ ನೂರಕ್ಕೆ 63, ಅತ್ತ 59. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ವೆನಿಲ್ಲಾ ಐಸ್‌ಕ್ರೀಮಿಗೆ ಬನ್ನಿ: ತಿಂದ 54 ಜನರಲ್ಲಿ 43 ಮಂದಿ ಮಲಗಿದ್ದಾರೆ, ತಿನ್ನದ 21 ಜನರಲ್ಲಿ ಬರೀ ಮೂರು. ನೂರಕ್ಕೆ 80 ಎಲ್ಲಿ, 14 ಎಲ್ಲಿ! ಚಾಕೊಲೇಟ್ ಐಸ್‌ಕ್ರೀಮಿನಲ್ಲಂತೂ ಲೆಕ್ಕ ತಲೆಕೆಳಗು, ತಿಂದವರಿಗಿಂತ ತಿನ್ನದವರಲ್ಲೇ ಕಾಯಿಲೆ ಜಾಸ್ತಿ. ಯಾಕೆಂದರೆ ಚಾಕೊಲೇಟ್ ಬೇಡ ಅಂದವರು ವೆನಿಲ್ಲಾ ಹಾಕಿಸಿಕೊಂಡಿದ್ದರು. ಆಮೇಲೆ ಅಡುಗೆ ಹೇಗಾಯಿತು ಅಂತ ವಿಚಾರಿಸಿದರೆ, ಹಾಲಿನ ಮಿಶ್ರಣವನ್ನು ಹಿಂದಿನ ದಿನವೇ ಕಾಯಿಸಿ ಇಡೀ ರಾತ್ರಿ ಚರ್ಚಿನ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಅದನ್ನು ಮಾಡಿದ ಅಕ್ಕತಂಗಿಯರಲ್ಲಿ ಒಬ್ಬರ ಮೂಗು, ಗಂಟಲಿನಲ್ಲಿ ಸ್ಟೆಫಿಲೊಕಾಕಸ್ ಸಿಕ್ಕಿತು.

ಗಮನಿಸಿ, ಇಲ್ಲಿ ಗುಟ್ಟು ಬಿಟ್ಟುಕೊಟ್ಟವರು ಕಾಯಿಲೆ ಬೀಳದವರು. ಊರಿಗೆ ಹೋದಾಗ ನಮಗೆ ಸಿಗದೇ ಇರೋರೂ ಅವರೇ. ‘ನಂಗೇನಾಗಿಲ್ಲ ಸಾ, ಬರ್ಕೊಂಡು ಏನ್ ಮಾಡ್ತೀರಿ’ ಅಂತ ಹೊರಟುಬಿಡುತ್ತಾರೆ.

ಹಳ್ಳಿಯೊಂದರ ಗೃಹಪ್ರವೇಶದಲ್ಲಿ ಹೀಗೇ ಆಗಿತ್ತು. ಎಲ್ಲರೂ ಕೋಸಂಬರಿಯನ್ನು ಬೈಯುತ್ತಿದ್ದರು. ನಮಗೆ ದಾರಿ ತೋರಿಸಿದವರು ಇಬ್ಬರೇ. ಬಸ್ಸು ತಪ್ಪುತ್ತೆ ಅಂತ ಸಾರನ್ನದವರೆಗೆ ಉಂಡು ಎಲೆ ಬಿಟ್ಟು ಎದ್ದುಹೋದ ಹುಡುಗ ಆರಾಮಾಗಿದ್ದ. ತಡವಾಗಿ ಬಂದು ಬರೀ ಮೊಸರನ್ನ ತಿಂದ ಟೆಂಪೋ ಡ್ರೈವರು ಸಂಜೆಗೆ ಡ್ರಿಪ್ ಹಾಕಿಸಿಕೊಂಡಿದ್ದ. ಅಡುಗೆಯವರನ್ನು ಕೇಳಿದರೆ, ಮೊಸರನ್ನಕ್ಕೆ ಅಂತ ಬೆಳಗಿನ ಜಾವ ಮೂರಕ್ಕೇ ಅನ್ನ ಬಸಿದು ಚಾಪೆ ಮೇಲೆ ಗುಡ್ಡೆ ಹಾಕಿ ಒದ್ದೆ ಬಟ್ಟೆ ಮುಚ್ಚಿದ್ದರು. ಬಡಿಸಿದ್ದು ಮಧ್ಯಾಹ್ನ ಎರಡಕ್ಕೆ. ಗುಡ್ಡೆಯ ನಡುವೆ ಕೈ ಹಾಕಿದರೆ ಸಂಜೆಯವರೆಗೂ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೆಂದರೂ ಸಾಯೋದಿಲ್ಲ, ಆ ಬೆಚ್ಚಗಿನಲ್ಲಿ ಮೊಳೆತು ಬೆಳೆದು ವಿಷ ಬಿಡುತ್ತದೆ. ಇದರ ವಾಂತಿ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1971ರಲ್ಲಿ, ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸಿನಲ್ಲಿ. ನಮ್ಮ ತಂಗಳನ್ನದ ಚಿತ್ರಾನ್ನವೂ ಅದರ ಅಣ್ಣತಮ್ಮನೇ. ಇದರ ವಾಂತಿ ವಿಷಕ್ಕೂ ಒಗ್ಗರಣೆಯ ಬಿಸಿ ಲೆಕ್ಕಕ್ಕಿಲ್ಲ.

ನಿಮ್ಮದೂ ಈ ಎರಡರಲ್ಲಿ ಒಂದಿರಬಹುದು ಅಂತ ನನ್ನ ಅಂದಾಜು. ಒಂದರಿಂದ ಆರು ಗಂಟೆಯೊಳಗೆ ವಾಂತಿ, ಜ್ವರ ಇಲ್ಲ ಅಂದರೆ ಮೊದಲೇ ತಯಾರಾಗಿದ್ದ ವಿಷದ ಮೇಲೆ ಅನುಮಾನ ಬರುತ್ತದೆ. ಸಾಲ್ಮೊನೆಲ್ಲಾ ಆಗಿದ್ದರೆ ಆರು ಗಂಟೆಯಿಂದ ಮೂರು ದಿನದವರೆಗೆ ಸಮಯ ತಗೊಂಡು ಜ್ವರ, ಭೇದಿ ತರುತ್ತಿತ್ತು. ಕಾಮಾಲೆ ತರುವ ಹೆಪಟೈಟಿಸ್ ‘ಎ’ ಅಂತೂ ತಿಂದು ಸುಮಾರು ತಿಂಗಳಾದ ಮೇಲೆ ತಲೆ ಎತ್ತುತ್ತದೆ. ಜನ ಮಾತ್ರ ಯಾವಾಗಲೂ ಕೊನೆಗೆ ತಿಂದದ್ದನ್ನೇ ಬೈಯೋದು.

ಇನ್ನು ಸಂಶೋಧನೆ ಯಾಕೆ ಅಂದಿರಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. 50 ಹಳ್ಳಿ ನೋಡಿದಾಗ 27ರಲ್ಲಿ ಕಾಯಿಲೆ ಇತ್ತು. ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದ ಮನೆಗಳಲ್ಲೇ ಅದು ಕಂಡದ್ದು. ಆ ಮನೆಗಳ ಕಾಳನ್ನು ಕೋಳಿಮರಿಗೆ ಹಾಕಿದರೆ ಮರಿಗೂ ಭೇದಿ. ಕೊನೆಗೆ ಸಿಕ್ಕಿದ್ದು ಫ್ಯುಮೊನಿಸಿನ್ ಅನ್ನೋ ಶಿಲೀಂಧ್ರದ ವಿಷ. ಅಷ್ಟು ಕೆದಕದೇ ಇದ್ದಿದ್ದರೆ ‘ನೀರು ಕೆಟ್ಟಿದೆ’ ಅಂತ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ವಾಪಸ್ ಬರುತ್ತಿದ್ದೆವೋ ಏನೋ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ವರ್ಷಕ್ಕೆ 60 ಕೋಟಿ ಜನ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ, ಅವರಲ್ಲಿ 1.25 ಲಕ್ಷ ಐದು ವರ್ಷದೊಳಗಿನ ಮಕ್ಕಳು. ಆ ಸಂಸ್ಥೆಯ ವಿಂಗಡಣೆಯಲ್ಲಿ ನಾವಿರುವ ಆಗ್ನೇಯ ಏಷ್ಯಾ ವಲಯದ ಪಾಲೇ 15 ಕೋಟಿ ಕಾಯಿಲೆ, 1.75 ಲಕ್ಷ ಸಾವು. ನಮ್ಮ ರಿಜಿಸ್ಟರಿನಲ್ಲಿ ಇದರ ಚೂರೂ ಕಾಣೋದಿಲ್ಲ. ಒಬ್ಬನಿಗೆ ವಾಂತಿಯಾದರೆ ಮೆಡಿಕಲ್ ಸ್ಟೋರಿನ ಮಾತ್ರೆ, ಮನೆಯವರಿಗೆಲ್ಲ ಆದರೆ ಕ್ಲಿನಿಕ್ಕಿನ ಇಂಜೆಕ್ಷನ್, ಮೂವತ್ತು ಜನ ಆದರೆ ಮಾತ್ರ ಪೇಪರಿನಲ್ಲಿ ಸುದ್ದಿ. ನಾವು ಸ್ಥಳಕ್ಕೆ ಹೋಗೋ ಹೊತ್ತಿಗೆ ಪಾತ್ರೆ ಬೆಳಗಿ, ನೆಲಕ್ಕೆ ಫಿನಾಯಿಲ್ ಹಾಕಿ, ‘ಎಲ್ಲಾ ಕ್ಲೀನ್ ಮಾಡಿದೀವಿ ಸಾ’ ಅಂತ ಹೆಮ್ಮೆಯಿಂದ ನಿಂತಿರುತ್ತಾರೆ. ಬೈಯೋಕೂ ಆಗಲ್ಲ.

ನೀವು ಈಗಲೂ ಒಂದು ಕೆಲಸ ಮಾಡಬಹುದು. ಸೀಮಂತಕ್ಕೆ ಬಂದವರ ಪಟ್ಟಿ ಮಾಡಿ, ಆರಾಮಾಗಿದ್ದವರನ್ನೂ ಸೇರಿಸಿ. ಒಬ್ಬೊಬ್ಬರಿಗೂ ಫೋನ್ ಮಾಡಿ ಪಾಯಸ, ಅನ್ನ, ಹೋಳಿಗೆ, ಮಜ್ಜಿಗೆ, ಪಲ್ಯ ಯಾವುದು ತಿಂದರು, ಯಾವುದು ಬಿಟ್ಟರು, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಅಂತ ಬರೆದುಕೊಳ್ಳಿ. ‘ಪಾಯಸ ತಿಂದ್ರಾ’ ಅಂತ ನೇರವಾಗಿ ಶುರು ಮಾಡಬೇಡಿ, ಎಲ್ಲರೂ ಹೂಂ ಅಂದುಬಿಡುತ್ತಾರೆ. ಎಲೆಯಲ್ಲಿ ಬಡಿಸಿದ ಕ್ರಮದಲ್ಲೇ ಕೇಳುತ್ತಾ ಹೋಗಿ, ನೆನಪು ತಾನಾಗಿ ಬರುತ್ತದೆ. ಹೆಸರು ತೆಗೆದು ಬರೀ ಅಂಕಿ ಇಲ್ಲಿ ಹಾಕಿದರೆ, ಕೂತು ಲೆಕ್ಕ ಹಾಕಿ ಹೇಳುತ್ತೇನೆ.