ಕೆಳಗೆ ಬೀಳುವ ಕಲ್ಲು ಕೂಡ ಭೂಮಿಯನ್ನು ಸೆಳೆಯುತ್ತದೆಯೇ?

ಖಂಡಿತ ಸೆಳೆಯುತ್ತದೆ. ಭೂಮಿ ಕಲ್ಲನ್ನು ಎಷ್ಟು ಬಲದಿಂದ ಸೆಳೆಯುತ್ತದೆಯೋ ಅಷ್ಟೇ ಬಲದಿಂದ ಕಲ್ಲೂ ಭೂಮಿಯನ್ನು ತನ್ನತ್ತ ಸೆಳೆಯುತ್ತದೆ. ದೊಡ್ಡದು ಮಾತ್ರ ಚಿಕ್ಕದನ್ನು ಎಳೆಯುತ್ತದೆ ಎಂಬ ತಿಳಿವಳಿಕೆಯೇ ಈ ಗೊಂದಲದ ಮೂಲ. 1 ಕಿಲೋಗ್ರಾಂ ಕಲ್ಲಿನ ಮೇಲೆ ಸುಮಾರು 9.8 ನ್ಯೂಟನ್ (ಬಲವನ್ನು ಅಳೆಯುವ ಮಾನ) ಬಲವಿದ್ದರೆ, ಭೂಮಿಯ ಮೇಲೂ ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಬಲವಿರುತ್ತದೆ.

ಬಲ ಸಮನಾಗಿದ್ದರೂ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಸಮನಲ್ಲ, ಏಕೆಂದರೆ ನ್ಯೂಟನ್ನನ ಎರಡನೆಯ ನಿಯಮದಂತೆ ಅದು ಬಲವನ್ನು ರಾಶಿಯಿಂದ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣದಿಂದ) ಭಾಗಿಸಿದಾಗ ಸಿಗುವ ಬೆಲೆ, ಮತ್ತು ಭೂಮಿಯ ರಾಶಿ ಸುಮಾರು 6×10²⁴ ಕಿಲೋಗ್ರಾಂ. ಆ ಕಲ್ಲು 1 ಮೀಟರ್ ಎತ್ತರದಿಂದ ಬಿದ್ದು ನೆಲ ಮುಟ್ಟುವಷ್ಟರಲ್ಲಿ ಭೂಮಿ ಅದರತ್ತ ಸರಿಯುವ ದೂರ ಸುಮಾರು 1.7×10⁻²⁵ ಮೀಟರ್, ಇದು ಪರಮಾಣುವಿನೊಳಗಿನ ಕಣವಾದ ಪ್ರೋಟಾನಿನ ವ್ಯಾಸಕ್ಕಿಂತ ಸಾವಿರ ಕೋಟಿ ಪಟ್ಟು ಚಿಕ್ಕದಾದ್ದರಿಂದ ಯಾವ ಉಪಕರಣಕ್ಕೂ ನಿಲುಕುವುದಿಲ್ಲ.

ಹಾಗಾದರೆ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟ ಎರಡು ವಸ್ತುಗಳು ಒಂದನ್ನೊಂದು ಸೆಳೆಯುತ್ತವೆಯೇ? ಸೆಳೆಯುತ್ತವೆ. ತಲಾ 1 ಕಿಲೋಗ್ರಾಂ ರಾಶಿಯ ವಸ್ತುಗಳು 1 ಮೀಟರ್ ಅಂತರದಲ್ಲಿದ್ದರೆ ಅವುಗಳ ನಡುವಿನ ಬಲ 6.67×10⁻¹¹ ನ್ಯೂಟನ್ ಮಾತ್ರ. ಮೇಜಿನ ಘರ್ಷಣೆಯೇ ಅವನ್ನು ಹಿಡಿದು ನಿಲ್ಲಿಸಲು ಸಾಕು. ವಸ್ತುಗಳ ನಡುವಿನ ಇಂಥ ಕ್ಷೀಣ ಸೆಳೆತವನ್ನೂ ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ, ತೆಳುವಾದ ತಂತಿಯಿಂದ ತೂಗಿಬಿಟ್ಟ ಅಡ್ಡಕೋಲಿನ ತುದಿಗಳ ಸೀಸದ ಗುಂಡುಗಳ ಬಳಿ ಭಾರವಾದ ಗುಂಡುಗಳನ್ನು ತಂದು, ಅಳೆದು ತೋರಿಸಿದರು. ನನ್ನ ದೃಷ್ಟಿಯಲ್ಲಿ ಭೌತವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಅದೂ ಒಂದು.