ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ ಅಕ್ಕ

ಪ್ರಶ್ನೆ: ನನಗೆ 36 ವರ್ಷ. ತವರು ಗದಗ-ಬೆಟಗೇರಿ. ಬೆಂಗಳೂರಿನಲ್ಲಿ ನರ್ಸ್. ಇಬ್ಬರು ಮಕ್ಕಳು. ತವರಿನಲ್ಲಿ ಅಪ್ಪ ಸತ್ಯವೇದ (ಬೈಬಲ್) ಓದದೆ ರಾತ್ರಿ ಊಟಕ್ಕೆ ಕೂರುತ್ತಿರಲಿಲ್ಲ. ಅವರ ಸತ್ಯವೇದ ಈಗ ನನ್ನ ಬೀರುವಿನಲ್ಲಿದೆ, ತೆರೆದು ತಿಂಗಳುಗಳಾದವು. ನೈಟ್ ಡ್ಯೂಟಿ, ಅಡುಗೆ, ಮಕ್ಕಳ ಹೋಂವರ್ಕ್. ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ. ಎಷ್ಟೋ ಭಾನುವಾರ ಚರ್ಚಿಗೂ ಹೋಗಲಾಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಏಳು ಎನ್ನುತ್ತಾರೆ ಸಭೆಯ ಹಿರಿಯರೊಬ್ಬರು. ನಾನು ದೇವರಿಂದ ದೂರವಾಗಿಬಿಟ್ಟೆನಾ ಅಕ್ಕ?

ಉತ್ತರ: ಇಲ್ಲ ತಂಗಿ. ದೂರವಾದವರಿಗೆ ಇಷ್ಟು ಸಂಕಟ ಆಗುವುದಿಲ್ಲ.

ಮೊದಲು ನಿದ್ದೆ ಮಾಡಿ. ಸತ್ಯವೇದದಲ್ಲಿ ಬರುವ ಪ್ರವಾದಿ ಎಲೀಯ ಸಾಕಾಗಿ ಹೋಗಿ, ಸತ್ತರೆ ಸಾಕು ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಅವನನ್ನು ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದರೂ ಸುಮ್ಮನಿದ್ದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ದೇವರ ಜೊತೆ ಮಾತು ನಡೆದದ್ದು ಇಷ್ಟೆಲ್ಲ ಆದ ಮೇಲೆ. ನಾಲ್ಕಕ್ಕೆ ಏಳುವುದು ಆ ಹಿರಿಯರಿಗೆ ಒಗ್ಗಿರಬಹುದು. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡುವವರಿಗೆ ಆ ಮಾತು ಹೊಂದುವುದಿಲ್ಲ.

ಮನೆಗೆಲಸದಲ್ಲೇ ಮುಳುಗಿದ ಮಾರ್ತ, ಯೇಸುವಿನ ಮಾತು ಕೇಳುತ್ತಾ ಕೂತ ಮರಿಯ, ಈ ಅಕ್ಕತಂಗಿಯರ ಕಥೆ ನಿಮಗೆ ಬೇಕಾದಷ್ಟು ಜನ ಹೇಳಿರುತ್ತಾರೆ. ನಾನು ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ನೆನಪಿಸುತ್ತೇನೆ. ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲ. ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸು ಸ್ವಾಮಿ ಅವರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ದಡ ಸೇರಿದರೆ ಜನ ಆಗಲೇ ಓಡಿ ಬಂದು ಅಲ್ಲಿ ನಿಂತಿದ್ದಾರೆ! ವಿಶ್ರಾಂತಿ ಕೆಟ್ಟಿತು. ಆದರೆ ಯೇಸು ಸ್ವಾಮಿ ಸಿಡುಕಲಿಲ್ಲ, ಕನಿಕರಪಟ್ಟರು. ಉಪದೇಶವೂ ಆಯಿತು, ಊಟವೂ ಆಯಿತು. ಆಮೇಲೆ ಜನರನ್ನು ಕಳುಹಿಸಿ, ಪ್ರಾರ್ಥನೆಗೆ ಬೆಟ್ಟ ಹತ್ತಿದರು. ಅಂದುಕೊಂಡ ಹೊತ್ತು ತಪ್ಪಿತು, ಪ್ರಾರ್ಥನೆ ತಪ್ಪಲಿಲ್ಲ. ಮಕ್ಕಳಿರುವ ಮನೆಯಲ್ಲಿ ದಿನವೂ ಆಗುವುದು ಇದೇ ಅಲ್ವಾ?

ಹಾಗಾಗಿ ಪ್ರಾರ್ಥನೆಯನ್ನು ಗಡಿಯಾರಕ್ಕೆ ಗಂಟು ಹಾಕಬೇಡಿ. ಡ್ಯೂಟಿ ಪಟ್ಟಿ ಬಂದ ದಿನವೇ ಆ ವಾರದ ಹತ್ತು ಹತ್ತು ನಿಮಿಷ ಗುರುತು ಮಾಡಿಕೊಳ್ಳಿ. ಒಂದು ದಿನ ಬಸ್ಸಿನಲ್ಲಿ, ಇನ್ನೊಂದು ದಿನ ಮಕ್ಕಳು ಶಾಲೆಗೆ ಹೋದ ಮೇಲೆ. ಅಧ್ಯಾಯಗಟ್ಟಲೆ ಓದುವುದು ಬೇಡ. ಕೀರ್ತನೆ 121ರಲ್ಲಿ ಇರುವುದು ಎಂಟೇ ವಚನ. ನಮ್ಮನ್ನು ಕಾಯುವಾತ ತೂಕಡಿಸುವುದಿಲ್ಲ ಎನ್ನುವ ಕೀರ್ತನೆ ಅದು. ನೈಟ್ ಡ್ಯೂಟಿಗೆ ಹೋಗುವ ಮುಂಚೆ ಓದಿ ನೋಡಿ. ವಾರವಿಡೀ ಅದೊಂದೇ ಸಾಕು.

ವಾರ್ಡಿನಲ್ಲಿ ಎಷ್ಟು ಸಲ ಕೈ ತೊಳೆಯುತ್ತೀರಿ! ಆಗೆಲ್ಲ ಮುಂದಿನ ರೋಗಿಯ ಹೆಸರನ್ನು ದೇವರಿಗೆ ಹೇಳಿ. ಆದರೆ 'ಕೆಲಸವೇ ನನ್ನ ಪ್ರಾರ್ಥನೆ' ಎಂದು ಆ ಹತ್ತು ನಿಮಿಷವನ್ನು ಬಿಟ್ಟುಬಿಡಬೇಡಿ. ಬರೀ ಕೆಲಸದ ಮಾತಾಡಿಕೊಂಡೇ ಗಂಡ ಹೆಂಡತಿ ಎಷ್ಟು ದಿನ ಹತ್ತಿರ ಇದ್ದಾರು?

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ಅವರು ಜೊತೆಗಿದ್ದರೆ ಪಾತ್ರೆ, ಹೋಂವರ್ಕ್ ಎರಡರಲ್ಲಿ ಒಂದನ್ನು ಅವರಿಗೆ ಒಪ್ಪಿಸಿ. ನಿಮಗೆ ಪುರುಸೊತ್ತಿಲ್ಲದಿರುವುದು ಭಕ್ತಿ ಕಡಿಮೆಯಾಗಿ ಅಲ್ಲ, ಮನೆಗೆಲಸವೆಲ್ಲ ಒಬ್ಬರ ತಲೆ ಮೇಲೆ ಬಿದ್ದು. ರಾತ್ರಿ ಕುಟುಂಬ ಪ್ರಾರ್ಥನೆಯನ್ನೂ ಅವರೇ ನಡೆಸಲಿ, ನಿಮಗೆ ಡ್ಯೂಟಿ ಇರುವ ದಿನವೂ.

ಡ್ಯೂಟಿ ಬರುವ ಭಾನುವಾರಗಳು ಯಾವುವು ಎಂದು ನಿಮ್ಮ ಸಭಾಪಾಲಕರಿಗೆ ಮುಂಚೆಯೇ ತಿಳಿಸಿ. ವಾರದ ಮಧ್ಯೆ ಯಾವ ಕೂಟವಿದೆ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಯಾವಾಗ ಬರಬಹುದು, ಕೇಳಿ. ಸಂಕೋಚ ಬೇಡ.

ಅಪ್ಪನ ಸತ್ಯವೇದವನ್ನು ಇವತ್ತೇ ಬೀರುವಿನಿಂದ ಹೊರಗೆ ತೆಗೆಯಿರಿ. ಫೋನಿನಲ್ಲಿ ಓದಲು ಹೋದರೆ ಮೆಸೇಜುಗಳು ಬಿಡುವುದಿಲ್ಲ. ಊಟ ಮಾಡುವ ಜಾಗದಲ್ಲಿ, ಮಕ್ಕಳ ಕೈಗೂ ಎಟುಕುವ ಹಾಗೆ ಇಡಿ. ನಿಮಗೆ ಕಣ್ಣು ಎಳೆಯುವ ರಾತ್ರಿ ದೊಡ್ಡ ಮಗುವೇ ನಾಲ್ಕು ವಚನ ಓದಲಿ. ನೀವು ಕೇಳುತ್ತಾ ಕೂತಲ್ಲೇ ನಿದ್ದೆಹೋದರೂ ಪರವಾಗಿಲ್ಲ.